ಬರಮವ್ವ ಕಟ್ಟಿದ ಕಾಲು

ಬಹಳ ಹಿಂದಿನ ಮಾತು. ನಮ್ಮಜ್ಜನ ಅಜ್ಜನಿಗೂ ಇನ್ನೂ ಮೀಸೆ ಮೂಡಿರದ ಕಾಲ. ಮುಳ್ಳುಗುಡ್ಡವೆಂಬ ಊರಿನಲ್ಲಿ ಬರಮವ್ವ ಎಂಬಾಕೆ ಇದ್ದಳಂತೆ. ಎಲುಬು ಕಟ್ಟುವುದು ಅವಳ ಕಸುಬು. ಮುರಿದ ಜಾಗದ ಮೇಲೆ ಬೆರಳಾಡಿಸಿದರೆ ಸಾಕು, ಒಳಗಿನ ಚೂರುಗಳು ತಾವೇ ಸರಿದು ಕೂಡುತ್ತಿದ್ದವಂತೆ. ನೀವು ನಗಬಹುದು, ಕಟ್ಟಿಸಿಕೊಂಡವರು ನಗಲಿಲ್ಲ.

ಆ ಕಾಲಕ್ಕೆ ಕುಂಪಣಿಯವರು ಗುಡ್ಡದ ಕೋಟೆ ಕೇಳಿದರು. ಕೋಟೆಯ ಒಡೆಯರಾದ ದೇಸಾಯರು ಕೊಡುವುದಿಲ್ಲ ಎಂದರು. ಮೊದಲ ಕಾಳಗ ಹಳ್ಳದ ದಂಡೆಯಲ್ಲಿ ನಡೆಯಿತು. ಕುಂಪಣಿ ದಂಡು ಹಿಂದೆ ಸರಿಯಿತು. ಎರಡನೆಯದಕ್ಕೆ ಅವರು ತೋಪು ತಂದರು, ಕೋಟೆಗೋಡೆ ಎತ್ತಿನ ಬಂಡಿ ನುಗ್ಗುವಷ್ಟು ಒಡೆಯಿತು. ಇನ್ನೇನು ಒಳಗೆ ಹೋಗಬೇಕು, ದಂಡಿನ ಸಾಹೇಬ ಕುದುರೆಯಿಂದ ಬಿದ್ದ, ಮೊಣಕಾಲ ಕೆಳಗೆ ಎಲುಬು ಮುರಿಯಿತು. ದಂಡಿನ ವೈದ್ಯ ಕಾಲು ಕತ್ತರಿಸಬೇಕು ಅಂದನಂತೆ. ಸಾಹೇಬ ಹೆದರಿ, ಕೋಟೆಯ ಹೊರಗೆ ಊರಲ್ಲಿದ್ದ ಬರಮವ್ವನ ಮನೆಗೆ ಹೊರಿಸಿಕೊಂಡು ಬಂದ. ಕೋಟೆ ಗೆದ್ದ ಹೆಸರು ಇನ್ನೊಬ್ಬನ ಪಾಲಾಗಬಾರದಲ್ಲ, ತಾನು ಕುದುರೆ ಏರುವ ತನಕ ಯಾರೂ ಕೋಟೆ ಮುಟ್ಟಕೂಡದೆಂದು ಅಪ್ಪಣೆಯನ್ನೂ ಮಾಡಿದ.

ಬರಮವ್ವನ ಒಬ್ಬನೇ ಮಗ ಹಾಲಪ್ಪ ಕೋಟೆಯ ಕಾವಲಿನಲ್ಲಿದ್ದ. ಸುದ್ದಿ ಕೇಳಿ, ಸೌದೆ ಹೊರೆ ಹೊತ್ತವನಂತೆ ಹಿತ್ತಲಿಗೆ ಬಂದ. ಸೊಂಟದಲ್ಲಿ ವಿಷದ ಬೇರು ಇತ್ತು.

“ಅವ್ವಾ, ಕಷಾಯದಾಗ ಈಟು ಬೆರೆಸಿದ್ರ ಸಾಕು. ಕೋಟಿ ಉಳಿತೈತಿ.”

“ಮುರಿದ ಎಲುಬು ಹೊತ್ಕೊಂಡು ಬಂದಾನೋ ಅಪ್ಪಾ. ಈ ಕೈಲೆ ಕೊಂದ್ರ, ನಾಳೆ ಈ ಕೈ ಯಾರನ್ನ ಮುಟ್ಟಬೇಕು? ಆದ್ರ ಒಂದು ಮಂಡಲ ಅವನ್ನ ಏಳಾಕ ಬಿಡಂಗಿಲ್ಲ. ಅಷ್ಟರಾಗ ಗೋಡಿ ಕಟ್ಕೋರಿ, ಹೋಗು.”

ಒಂದು ಮಂಡಲವೆಂದರೆ ನಲವತ್ತೆಂಟು ದಿನ. ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಕಲಸಿ ಬಳಿದಳು, ಬಿದಿರು ದಬ್ಬೆ ಇಟ್ಟು ಬಿಗಿದಳು. ಮಗನ ಕಾಲಾದರೂ ಅಷ್ಟು ಅಚ್ಚುಕಟ್ಟಾಗಿ ಕಟ್ಟುತ್ತಿರಲಿಲ್ಲ ಎನ್ನುತ್ತಾರೆ. ಇಪ್ಪತ್ತನೇ ದಿನ ಸಾಹೇಬ ಏಳುತ್ತೇನೆಂದು ಕೂಗಾಡಿದ, ಅಂಬಲಿ ಗಡಿಗೆ ಒಡೆದ. ಏಳು, ಸಾಯುವ ತನಕ ಕುಂಟು ಅಂದಳಂತೆ. ದಂಡೆಲ್ಲ ಹೆದರುತ್ತಿದ್ದ ಆ ಮನುಷ್ಯ ತೆಪ್ಪಗೆ ಮಲಗಿದ. ಅತ್ತ ಕೋಟೆಯಲ್ಲಿ ಹೆಂಗಸರು ಮಕ್ಕಳೆಲ್ಲ ಕಲ್ಲು ಹೊತ್ತರು. ಗೋಡೆ ಮೊದಲಿಗಿಂತ ಒಂದಾಳು ಎತ್ತರ ಎದ್ದಿತು.

ನಲವತ್ತೆಂಟನೇ ದಿನ ಕಟ್ಟು ಬಿಚ್ಚಿದಳು. ಸಾಹೇಬ ನೆಟ್ಟಗೆ ನಡೆದ. ಒಂದು ಎಳೆಯಷ್ಟೂ ವಕ್ರವಿಲ್ಲ! ಮರುದಿನವೇ ಕುದುರೆ ಏರಿ ಮೂರನೆಯ ಕಾಳಗಕ್ಕೆ ಹೊರಟ. ಬೆಳಗಿನಿಂದ ಹೊಡೆದರೂ ಗೋಡೆ ಜಗ್ಗಲಿಲ್ಲ. ಹೊತ್ತು ಇಳಿಯುವುದರೊಳಗೆ ಕುಂಪಣಿ ದಂಡು ತೋಪು ಬಿಟ್ಟು ಓಡಿತು. ಓಡುವವರನ್ನು ಬೆನ್ನಟ್ಟಿದವರಲ್ಲಿ ಹಾಲಪ್ಪನೇ ಮುಂದಿದ್ದನಂತೆ. ಅವನು ಬಿದ್ದದ್ದು ಆ ಸಾಹೇಬನ ಕತ್ತಿಗೇ ಎನ್ನುತ್ತಾರೆ.

ಕೋಟೆಯಲ್ಲಿ ಗೆದ್ದ ಕಹಳೆ ಊದುತ್ತಿತ್ತು. ಬರಮವ್ವ ಎದೆ ಬಡಿದುಕೊಂಡು ಅತ್ತಳು. ಅಳುತ್ತಿರುವಾಗಲೇ ಗಾಯಗೊಂಡವರನ್ನು ಅಂಗಳಕ್ಕೆ ಹೊತ್ತು ತಂದರು. ಮೈತುಂಬ ಮಣ್ಣು, ನೆತ್ತರು. ನಮ್ಮವರು ಯಾರು, ಅವರ ಕಡೆಯವರು ಯಾರು, ತಿಳಿಯುತ್ತಿರಲಿಲ್ಲ. ಊರ ಹಿರಿಯರು ಒಬ್ಬೊಬ್ಬರ ಹೆಸರು ವಿಚಾರಿಸತೊಡಗಿದರು.

“ಹೆಸರು ಕೇಳಬ್ಯಾಡ್ರೀ,” ಅಂದಳಂತೆ ಬರಮವ್ವ, ಕಣ್ಣೊರೆಸಿಕೊಂಡು. “ಕೇಳಿದ್ರ ನನ್ನ ಕೈ ನಡುಗ್ತಾವು.”

ಅಷ್ಟೂ ಜನರನ್ನು ಕಟ್ಟಿದಳು. ಆಮೇಲೆ ಮಗನ ಮಣ್ಣಿಗೆ ಹೋದಳು.

ಇಂದಿಗೂ ಮುಳ್ಳುಗುಡ್ಡದಲ್ಲಿ ಎಲುಬು ಮುರಿದು ಬಂದವರನ್ನು ಯಾರು, ಯಾವ ಊರು ಎಂದು ಕೇಳುವುದಿಲ್ಲ. ಕಟ್ಟು ಬಿಚ್ಚಿದ ದಿನ ಅವರು ಎದ್ದು ನಿಂತು ತಾವಾಗಿಯೇ ಹೆಸರು ಹೇಳುತ್ತಾರೆ. ಯಾವ ಹೆಸರಾದರೂ ಎಲುಬು ಕಟ್ಟಿದ ಮನೆಯವರು ಕೇಳಿಸಿಕೊಂಡು, ಊಟಕ್ಕೆ ಕೂರಿಸುತ್ತಾರೆ.