ಮೆದು ಮರದ ಬೆಣೆ

"ಗುರುಗಳೇ, ನೀವು ಹೇಳಿದ್ದನ್ನೆಲ್ಲ ಬರೆದು ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ನಿಮ್ಮ ನಂತರವೂ ಅದರಲ್ಲಿ ಒಂದಕ್ಷರ ಸವೆಯದಂತೆ ಕಾಯುವುದು ಹೇಗೆ?" ಎಂದು ಸಂಗಯ್ಯ ಕೇಳಿದ. ಗುರುಗಳಿಗೆ ಆ ವರ್ಷ ಕೆಮ್ಮು ಹೆಚ್ಚಾಗಿತ್ತು.

"ಭಲೆ, ನನ್ನನ್ನು ಆಗಲೇ ಗಂಟು ಕಟ್ಟಿಟ್ಟೆಯಾ?" ಎಂದು ನಕ್ಕು ಗುರುಗಳು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಶಿಲ್ಪಿಯಿದ್ದ. ನಿಂತಲ್ಲೇ ನಿಲ್ಲುವ ವಿಗ್ರಹ ಮಾಡಿದವನಲ್ಲ. ಗಾಳಿ ಬೀಸಿ ಬೆನ್ನ ಹಿಂದಿನ ಚಕ್ರ ತಿರುಗಿತೋ, ಅವನ ಮರದ ಗೊಂಬೆಗಳು ಕೆಲಸಕ್ಕೆ ಇಳಿಯುತ್ತಿದ್ದವು. ಒಂದು ಭತ್ತ ಕುಟ್ಟುತ್ತಿತ್ತು, ಒಂದು ನೀರು ಸೇದುತ್ತಿತ್ತು. ಹೆಂಡತಿಯನ್ನು ನೋಡಿಕೊಂಡು ಮಾಡಿದ ಗೊಂಬೆ ಮೊರದಲ್ಲಿ ರಾಗಿ ಕೇರುತ್ತಿತ್ತು. ರಾಗಿ ಮಾತ್ರ ನಿಜವಾದದ್ದು. ಊರವರು ಒಂದು ಹಜಾರ ಕಟ್ಟಿಸಿ, ಗಾಳಿ ಬರುವ ಕಡೆಗೆಲ್ಲ ಕಿಟಕಿಯಿಟ್ಟು, ಅವನ ಗೊಂಬೆಗಳನ್ನೆಲ್ಲ ಅಲ್ಲಿರಿಸಿದರು. ನೋಡಲು ಪರವೂರಿನ ಜನ ಬರುತ್ತಿದ್ದರು. ಹಜಾರದ ಬೀಗದ ಕೈ ಹೆಂಡತಿಯ ಸೊಂಟದಲ್ಲಿರುತ್ತಿತ್ತು.

ಗೊಂಬೆಗಳ ಕೀಲುಗಳಿಗೆ ಅವನು ಮೆದು ಮರದ ಬೆಣೆ ಹಾಕುತ್ತಿದ್ದ. ವರ್ಷಕ್ಕೊಮ್ಮೆ ಹಳೆಯದನ್ನು ಕಿತ್ತು ಒಲೆಗೆ ಹಾಕಿ, ಹೊಸದನ್ನು ಕೆತ್ತುತ್ತಿದ್ದ. "ಗಟ್ಟಿ ಮರದ್ದೇ ಹಾಕಬಾರದೇ?" ಎಂದು ಹೆಂಡತಿ ಕೇಳಿದರೆ, "ಬೆಣೆ ಸವೆಯಬೇಕು ಕಣೇ. ಅದು ಸವೆದರೆ ತೋಳು ಉಳಿಯುತ್ತದೆ" ಎನ್ನುತ್ತಿದ್ದ.

ಅವನು ತೀರಿಕೊಂಡ. ವರ್ಷ ತುಂಬಿದಾಗ ಊರ ಬಡಗಿ ಹೊಸ ಬೆಣೆಗಳನ್ನು ಕೆತ್ತಿ ತಂದ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಒಳಗಿದ್ದವು ಗಂಡ ಕಟ್ಟಕಡೆಗೆ ಕೈಯಾರೆ ಕೆತ್ತಿದ ಬೆಣೆಗಳು. ಅವನ್ನು ಒಲೆಗೆ ಹಾಕಲು ಅವಳು ಒಪ್ಪಲಿಲ್ಲ. ಬಡಗಿಯನ್ನು ಹಾಗೇ ಕಳಿಸಿಬಿಟ್ಟಳು. ಇನ್ನಷ್ಟು ಸವೆಯದಿರಲೆಂದು ಕಿಟಕಿಗಳನ್ನೂ ಮುಚ್ಚಿದಳು. ಪಾಪ, ಅವಳಿಗೆ ಉಳಿದದ್ದಾದರೂ ಇನ್ನೇನು? ಬಂದವರು ನಿಂತ ಗೊಂಬೆಗಳಿಗೆ ಕೈಮುಗಿದು ಹೋಗತೊಡಗಿದರು. ಹೀಗೇ ಹತ್ತು ವರ್ಷ ಕಳೆಯಿತು.

ಒಂದು ದಿನ ಕಣ್ಣು ಕಾಣದ ಮುದುಕನೊಬ್ಬ ಕೋಲೂರಿಕೊಂಡು ಬಂದ. ಹಿಂದೆಲ್ಲ ವರ್ಷವರ್ಷವೂ ಬಂದು, ರಾಗಿ ಕೇರುವ ಸದ್ದು ಕೇಳಿ ಹೋಗುತ್ತಿದ್ದವನು. ಮಧ್ಯಾಹ್ನದವರೆಗೂ ಕಿವಿಗೊಟ್ಟು ಕೂತ. ಆಮೇಲೆ ಮೆಲ್ಲಗೆ ಕೇಳಿದ: "ಯಜಮಾನರು ಹೋದರು ಅಂತ ಕೇಳಿದ್ದೆ ತಾಯಿ. ಗೊಂಬೆಗಳೂ ಹೋದವೇ?"

ಅವಳಿಗೆ ಅಳು ಉಕ್ಕಿ ಬಂತು. ಓಡಿಹೋಗಿ ಕಿಟಕಿಗಳನ್ನೆಲ್ಲ ತೆರೆದಳು. ಗಾಳಿ ನುಗ್ಗಿತು, ಚಕ್ರ ತಿರುಗಿತು. ಆದರೆ ಹತ್ತು ವರ್ಷ ಅಲುಗದಿದ್ದ ಬೆಣೆ ಗೊಂಬೆಯ ಭುಜಕ್ಕೆ ಕಚ್ಚಿಕೊಂಡುಬಿಟ್ಟಿತ್ತು. ಕೇರುವ ತೋಳು ಲಟಕ್ಕನೆ ಮುರಿಯಿತು. ಮೊರ ಜಾರಿ, ರಾಗಿ ನೆಲದ ತುಂಬ ಚೆಲ್ಲಿಕೊಂಡಿತು.

"ಹಾಂ, ಬಂತು ನೋಡು, ಇದೇ ಸದ್ದು! ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ" ಎಂದು ಮುದುಕ ಎರಡೂ ಕೈ ಎತ್ತಿ ಹರಸಿದ.

ಅವಳು ಮುರಿದ ತೋಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಕತೆ ಮುಗಿದಾಗ ಸಂಗಯ್ಯನ ಕೈ ರೇಷ್ಮೆಯ ಗಂಟಿನ ಮೇಲಿತ್ತು. ಗುರುಗಳು ಕೆಮ್ಮು ನಿಲ್ಲುವವರೆಗೆ ಕಾದು, ಹೇಳಿದರು:

"ನಾನು ನಿನಗೆ ಕೆತ್ತಿಕೊಟ್ಟದ್ದೆಲ್ಲ ಬೆಣೆ ಕಣೋ, ಸಂಗಯ್ಯ."