ಕುಲುಮೆಗೆ ಹೋದ ಅಕ್ಕಸಾಲಿಗ

"ಗುರುಗಳೇ, ಒಬ್ಬನಿಗೆ ಒಪ್ಪುವ ಕೆಲಸ ಯಾವುದೆಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ನಿಜಗುಣ ಕೇಳಿದ.

ಮಠಕ್ಕೆ ಮುಂದಿನ ಸ್ವಾಮಿ ಇವನೇ ಎಂದು ಊರ ಹಿರಿಯರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಕಂಠ ಚೆನ್ನಾಗಿದೆ, ನಡತೆ ಚೆನ್ನಾಗಿದೆ, ಇನ್ನೇನು ಬೇಕು ಎಂಬುದು ಅವರ ಮಾತು. ಬೆಳಗಾದರೆ ದೀಕ್ಷೆ. ಅದಾದ ಮೇಲೆ ಹಿಂತಿರುಗುವ ದಾರಿಯಿಲ್ಲ. ನಿಜಗುಣನಿಗೆ ಭಯವಾಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಕ್ಕಸಾಲಿಗನಿದ್ದ. ಅವನ ಮಗ ತಂದೆಯ ಪಕ್ಕದಲ್ಲೇ ಕೂತು ಕೆಲಸ ಕಲಿತ. ಮಗ ಮಾಡಿದ ಓಲೆಗಳಲ್ಲಿ ಒಂದು ಕುಂದೂ ಇರುತ್ತಿರಲಿಲ್ಲ. ಮದುವೆ ಮನೆಯವರು ತಂದೆಯನ್ನು ಬಿಟ್ಟು ಮಗನನ್ನೇ ಕೇಳಿಕೊಂಡು ಬರತೊಡಗಿದರು. ತಂದೆ ಹಿಗ್ಗಿ ಹೀರೇಕಾಯಿಯಾದ. ಮಗ ಮಾತ್ರ ಹಿಗ್ಗಲಿಲ್ಲ.

ಒಂದು ದಿನ ಆ ಮಗ ಎದ್ದವನೇ ಕಮ್ಮಾರನ ಕುಲುಮೆಗೆ ಹೋಗಿ ಸೇರಿಕೊಂಡ. ಹೋದ ದಿನವೇ ನಗೆಪಾಟಲಾದ. ಅಕ್ಕಸಾಲಿಗರ ಮನೆಯಲ್ಲಿ ನೆಲ ಗುಡಿಸಿದ ಧೂಳನ್ನೂ ಎಸೆಯುವುದಿಲ್ಲ. ಅದರಲ್ಲಿ ಚಿನ್ನದ ಪುಡಿ ಇರುತ್ತದೆ. ಅದೇ ರೂಢಿಯಲ್ಲಿ ಇವನು ಕುಲುಮೆಯ ಕಸವನ್ನೆಲ್ಲ ಗುಡಿಸಿ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟ. ಕಮ್ಮಾರ ಹೊಟ್ಟೆ ಹಿಡಿದುಕೊಂಡು ನಕ್ಕ. ಸುತ್ತಿಗೆ ಹಿಡಿದಾಗಲೂ ಅದೇ ಪಾಡು. ಕಾದ ಕಬ್ಬಿಣವನ್ನು ಓಲೆಗೆ ತಟ್ಟುವ ಹಾಗೆ ಮೆಲ್ಲಗೆ ತಟ್ಟಿದ. ಆಕಾರ ಬರುವ ಮೊದಲೇ ಅದು ತಣ್ಣಗಾಯಿತು. ಅವನು ಮಾಡಿದ ಕುಡುಗೋಲು ಹುಲ್ಲನ್ನು ಬಗ್ಗಿಸುತ್ತಿತ್ತೇ ಹೊರತು ಕೊಯ್ಯುತ್ತಿರಲಿಲ್ಲ. ಕೊಂಡವಳು ಅದನ್ನು ತಂದು ಅವನ ಮುಂದೆ ಎಸೆದು ಹೋದಳು.

ಮರುದಿನ ಎಲ್ಲರಿಗಿಂತ ಮೊದಲು ಅವನೇ ಕುಲುಮೆಯಲ್ಲಿದ್ದ. ಅದೇ ಕುಡುಗೋಲನ್ನು ಮತ್ತೆ ಬೆಂಕಿಗಿಟ್ಟ.

ತಂದೆಗೆ ತಡೆಯಲಾಗಲಿಲ್ಲ. ಕುಲುಮೆಗೇ ಬಂದು ನಿಂತ. "ಊರೆಲ್ಲ ಆಡಿಕೊಳ್ಳುತ್ತಿದೆ. ಮನೆಯಲ್ಲಿ ನೀನು ಕೆಡಿಸಿದ ಓಲೆ ಒಂದಿಲ್ಲ. ಇಲ್ಲಿ ನೀನು ಮಾಡಿದ್ದರಲ್ಲಿ ನೆಟ್ಟಗಿರುವುದು ಒಂದಿಲ್ಲ. ಯಾವುದು ನಿನ್ನ ಕೆಲಸ, ನೀನೇ ಹೇಳು. ಈಗ ನನ್ನ ಜೊತೆ ಬಾರದಿದ್ದರೆ ಇನ್ನು ಮನೆಯ ಹೊಸ್ತಿಲು ತುಳಿಯಬೇಡ."

ಮಗ ಸುತ್ತಿಗೆಯನ್ನು ಕೆಳಗಿಡಲಿಲ್ಲ. ತಲೆಯನ್ನೂ ತಗ್ಗಿಸಲಿಲ್ಲ. "ಅಪ್ಪ, ಓಲೆ ಕೆಟ್ಟಿದ್ದರೂ ನಾನು ಹಾಯಾಗಿ ಮಲಗುತ್ತಿದ್ದೆ. ಈ ಕುಡುಗೋಲು ಕೆಟ್ಟ ದಿನ ನನಗೆ ರೆಪ್ಪೆ ಮುಚ್ಚಲಾಗಲಿಲ್ಲ. ಹೊಸ್ತಿಲು ನಿಮ್ಮದು. ಕೆಲಸ ನನ್ನದು."

ತಂದೆ ತಿರುಗಿ ನೋಡದೆ ಹೋದ. ಅವನು ಮರೆಯಾಗುವವರೆಗೂ ಮಗ ನೋಡುತ್ತಲೇ ಇದ್ದ. ಕಬ್ಬಿಣ ಕೆಂಪಾಗಿತ್ತು. ಈ ಸಲ ಅವನು ಜೋರಾಗಿಯೇ ಬಡಿದ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣನಿಗೆ ಆ ಮಗನ ಮೇಲೆ ಸಿಟ್ಟು ಬಂದಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು. "ಕೈಗೆ ಒಗ್ಗಿದ್ದನ್ನು, ಹತ್ತು ಜನ ಮೆಚ್ಚಿದ್ದನ್ನು ಬಿಟ್ಟು ಹೋಗುವುದು ಬರೀ ಹಟವಲ್ಲವೇ, ಗುರುಗಳೇ? ಊರಿನವರಿಗೆ ನನ್ನಲ್ಲಿ ಕಂಡದ್ದು ಸುಳ್ಳೇ?"

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು: "ಮೊನ್ನೆ ಪ್ರವಚನದ ನಡುವೆ ಮಾತು ತಪ್ಪಿ ಇಡೀ ಸಭೆಯ ಮುಂದೆ ತಡವರಿಸಿದೆಯಲ್ಲ, ಆ ರಾತ್ರಿ ನಿನ್ನ ಗೊರಕೆ ನನ್ನ ಕೋಣೆಯವರೆಗೂ ಕೇಳುತ್ತಿತ್ತು."