ಅರ್ಧ ಸುಟ್ಟ ಹುಲ್ಲುಗಾವಲು

"ಕೇಳಿರಪ್ಪೋ ಕೇಳಿ! ಅರಸರ ಹುಲ್ಲುಗಾವಲಿಗೆ ಬೆಂಕಿಯಿಟ್ಟ ದನಗಾಹಿ ಬೊಮ್ಮಲಿಂಗನ ತಲೆ ಇವತ್ತು ಸಂಜೆ ಹೋಗುತ್ತದೆ! ಹಾಳಾದ ಹುಲ್ಲುಗಾವಲನ್ನು ಸರಿಮಾಡಲು ಜಾಣ ಬೇಕಾಗಿದ್ದಾನೆ. ರಾಜಕುಮಾರಿಯವರ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದರೆ ಅವನ ತಲೆಯೂ ಹೋಗುತ್ತದೆ!" ಎಂದು ಡಂಗುರದವನು ಸಾರಿದ.

ಕೋಳ ತೊಟ್ಟು ಸಭೆಯ ಮೂಲೆಯಲ್ಲಿ ನಿಂತಿದ್ದ ಬೊಮ್ಮಲಿಂಗನಿಗೆ ಮೈಯೆಲ್ಲ ಉರಿಯಿತು. ಹಾಳಾದ ಕಾವಲಂತೆ! ಸುಟ್ಟು ತಿಂಗಳಾಯಿತು, ಎರಡು ಮಳೆಯೂ ಬಿತ್ತು. ಒಬ್ಬನಾದರೂ ಹೋಗಿ ನೋಡಿದನೇ?

"ಮನೆಯೆಲ್ಲ ಸುಟ್ಟರೂ ಮನೆಯೊಡತಿಯ ಕೂದಲು ಕೊಂಕಲಿಲ್ಲ. ಯಾರವಳು?" ಎಂದು ಒಗಟು ಬಿಡಿಸಲು ಬಂದಿದ್ದ ರಾಜಕುಮಾರರನ್ನು ಕೇಳಿದಳು ರಾಜಕುಮಾರಿ ಚೆನ್ನಾಜಮ್ಮಣ್ಣಿ.

"ಅಗ್ನಿದೇವನ ಹೆಂಡತಿ!" ಎಂದ ಜರತಾರಿ ಪೇಟದ ರಾಜಕುಮಾರ. ಭಟರು ಅವನ ರಟ್ಟೆ ಹಿಡಿದರು.

"ನೀರಲ್ಲ, ಗೋಡೆಯಲ್ಲ. ಓಡಿಬಂದ ಬೆಂಕಿ ಅದನ್ನು ಮುಟ್ಟಿದ್ದೇ ಸಾಯುತ್ತದೆ. ಏನದು?"

"ನನ್ನ ಸೈನ್ಯ!" ಎಂದ ಮೀಸೆಯ ರಾಜಕುಮಾರ. ಅವನನ್ನೂ ಹಿಡಿದರು.

"ಉರಿಯುವ ಊರಲ್ಲಿ ಅರ್ಧ ಉಳಿಸಿದರು. ಯಾರಿಗಾಗಿ?"

"ಮಹಾಪ್ರಭುಗಳಿಗಾಗಿ!" ಎಂದು ಮೂರನೆಯವನು ಹಲ್ಲು ಕಿರಿದ.

"ಅಯ್ಯೋ, ಸಾಕು ಮಾಡ್ರಪ್ಪ!" ಬೊಮ್ಮಲಿಂಗ ತಡೆಯಲಾರದೆ ಕೂಗಿದ. "ಹುಲ್ಲು ಕಂಡವರು ಒಬ್ಬರೂ ಇಲ್ಲವೇ ಇಲ್ಲಿ?"

"ಹೋಗೋ ತಲೆಗೆ ಬಾಯಿ ಬೇರೆ! ನೀನೇ ಹೇಳು ನೋಡೋಣ" ಎಂದು ಅರಸ ಗದರಿದ.

"ಬುದ್ಧಿ, ಮನೆಯೊಡತಿ ಅಂದರೆ ಹುಲ್ಲಿನ ಬೇರು. ಮೇಲಿನ ಒಣಹುಲ್ಲು ಸುಟ್ಟರೆ ಬೇರಿಗೇನು? ಏಳು ವರ್ಷ ಸುಡಬೇಡ ಅಂದಿರಿ, ಹಳೇ ಹುಲ್ಲು ಚಾಪೆ ಹಾಸಿದಂಗೆ ಬಿದ್ದು ಚಿಗುರನ್ನು ಉಸಿರಾಡಗೊಡಲಿಲ್ಲ. ದನ ಮೂಸಿಯೂ ನೋಡಲಿಲ್ಲ. ಇನ್ನು ಬೆಂಕಿ ಸಾಯೋದು ಮೊದಲೇ ಸುಟ್ಟ ನೆಲದಲ್ಲಿ. ನಾವು ಗಾಳಿಗೆ ಎದುರಾಗಿ ಒಂದು ಪಟ್ಟಿ ಸುಟ್ಟುಕೊಂಡೇ ದೊಡ್ಡ ಬೆಂಕಿ ಇಡೋದು. ಉಳಿದರ್ಧ ಗೌಜಲು ಹಕ್ಕಿಗೆ. ಅದು ಆಗ ಹುಲ್ಲಿನೊಳಗೆ ಮೊಟ್ಟೆಯಿಟ್ಟು ಕೂತಿತ್ತು, ಅದನ್ನೂ ಸುಡೋಕಾಗುತ್ತಾ?"

"ಸುಳ್ಳು! ಅಲ್ಲಿ ಬೂದಿ ಬಿಟ್ಟು ಏನಿದೆ?" ಎಂದ ಅರಸ.

ಚೆನ್ನಾಜಮ್ಮಣ್ಣಿ ಎದ್ದು ಸೆರಗಿನ ಗಂಟು ಬಿಚ್ಚಿದಳು. ಎಳೇ ಹುಲ್ಲು, ಬಿಳೀ ತುಂಬೆ, ನೀಲಿ ವಿಷ್ಣುಕ್ರಾಂತಿ ಸಿಂಹಾಸನದ ಮೆಟ್ಟಿಲ ಮೇಲೆ ಚೆಲ್ಲಿದವು.

"ಬೆಳಿಗ್ಗೆ ನಾನೇ ಆ ಸುಟ್ಟ ನೆಲಕ್ಕೆ ಹೋಗಿ ಕಿತ್ತು ತಂದೆ, ಅಪ್ಪಾಜಿ. ಹೇಳಿದ್ದರೆ ನೀವು ಕೇಳುತ್ತಿದ್ದಿರಾ? ಅದಕ್ಕೇ ಒಗಟು ಕಟ್ಟಿದೆ."

ಅರಸ ಒಂದು ಹೂ ಎತ್ತಿಕೊಂಡು ತಿರುಗಿಸಿ ನೋಡಿದ. ಆಮೇಲೆ ಕೋಳ ಬಿಚ್ಚಿಸಿದ. "ಕೇಳಪ್ಪ, ಏನು ಬೇಕು? ಅರ್ಧ ರಾಜ್ಯವೇ?"

"ಅರ್ಧ ರಾಜ್ಯ ಕಟ್ಟಿಕೊಂಡು ನಾನೇನು ಮಾಡಲಿ? ಅರ್ಧ ಕಾವಲು ಬಾಕಿ ಇದೆ. ಮುಂದಿನ ವರ್ಷ ಹಕ್ಕಿ ಮೊಟ್ಟೆಯಿಡುವ ಮೊದಲೇ ಅದನ್ನು ಸುಡಲು ಅಪ್ಪಣೆ ಕೊಡಿ" ಎಂದು ಬೊಮ್ಮಲಿಂಗ ಮಣಿಕಟ್ಟು ತಿಕ್ಕಿಕೊಂಡ. ಭಟರು ಹಿಡಿದಿದ್ದ ಮೂವರು ರಾಜಕುಮಾರರ ಕಡೆ ನೋಡಿ ನಿಟ್ಟುಸಿರುಬಿಟ್ಟ. "ಇವರ ತಲೆ ಕಡಿದು ಯಾರಿಗೇನು ಬಂತು? ನನಗೆ ಕೊಡಿ. ಕಾವಲು ಸುಡುವಾಗ ಹಸಿ ಸೊಪ್ಪು ಹಿಡಿದು ಹಾರೋ ಕಿಡಿ ಬಡಿದು ಆರಿಸೋಕೆ ಆಳು ಸಾಲದು."